ಲಿ ಚಿಂಗ್‌ಜಾವೊ: ವಿರಹಿಣಿಯ ಮುದ್ರೆ, ಕವಿಯ ಕಸುಬು

ಚೀನದ ಹಳೆಯ ಕಾವ್ಯದಲ್ಲಿ ಶ್ರೇಷ್ಠ ಕವಯಿತ್ರಿ ಯಾರೆಂದು ಕೇಳಿದರೆ ಬರುವ ಉತ್ತರ ಒಂದೇ: ಲಿ ಚಿಂಗ್‌ಜಾವೊ. ಆ ಹೆಸರಿನ ಬೆನ್ನಿಗೇ ಒಂದು ಕಥೆಯೂ ಬರುತ್ತದೆ. 1084ರಲ್ಲಿ ವಿದ್ವಾಂಸರ ಮನೆಯಲ್ಲಿ ಹುಟ್ಟಿದ ಹುಡುಗಿ 1101ರಲ್ಲಿ ಜಾವೊ ಮಿಂಗ್‌ಚೆಂಗ್‌ನ ಕೈಹಿಡಿದಳು. ಇಬ್ಬರಿಗೂ ಪುಸ್ತಕ, ಶಾಸನ, ಪ್ರಾಚೀನ ಪಾತ್ರೆಗಳ ಹುಚ್ಚು. ಗಂಡ ಊರಲ್ಲಿಲ್ಲದಾಗ ಆಕೆ ವಿರಹದ ಹಾಡು ಬರೆದಳು. 1127ರಲ್ಲಿ ಉತ್ತರದಿಂದ ನುಗ್ಗಿದ ಜುರ್ಚನ್ನರು ರಾಜಧಾನಿ ಕೈಫೆಂಗನ್ನು ಹಿಡಿದರು. ದಂಪತಿ ದಕ್ಷಿಣಕ್ಕೆ ಓಡಿಬಂದರು. 1129ರಲ್ಲಿ ಗಂಡ ತೀರಿಕೊಂಡ. ಆಮೇಲೆ ಬರೆದದ್ದೆಲ್ಲ ವೈಧವ್ಯದ ಕಣ್ಣೀರು. ಆಕೆಯ ಬಗೆಗಿನ ಮುನ್ನುಡಿಗಳಲ್ಲಿ ಮತ್ತೆ ಮತ್ತೆ ಸಿಗುವುದು ಇದೇ ಕಥೆ. ಕೆನ್ನೆತ್ ರೆಕ್ಸ್‌ರಾತ್ ಮತ್ತು ಲಿಂಗ್ ಚುಂಗ್ 1979ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದವಂತೂ ಪದ್ಯಗಳನ್ನೇ ಯೌವನ, ಒಂಟಿತನ, ಗಂಡನ ಸಾವು ಎಂದು ಬದುಕಿನ ಹಂತಗಳಾಗಿ ಜೋಡಿಸಿಟ್ಟಿದೆ.

ಈ ಓದು ಆಕೆಯ ಕಾವ್ಯಕ್ಕೆ ಅನ್ಯಾಯ ಮಾಡಿದೆ ಎಂಬುದು ನನ್ನ ವಾದ. ಕಥೆಯಲ್ಲಿ ಬರುವ ಹುಟ್ಟು, ಮದುವೆ, ಯುದ್ಧ, ಸಾವು ಎಲ್ಲವೂ ನಿಜ. ತಕರಾರು ಇರುವುದು ಅವುಗಳಿಂದ ಹೊಸೆದ ಒಂದು ಪಾತ್ರದ ಬಗ್ಗೆ. ಗಂಡನನ್ನು ನೆನೆಯುವುದೇ ಉಸಿರಾದ ಹೆಂಡತಿ, ಉಕ್ಕಿಬಂದ ದುಃಖವನ್ನು ಹಾಗೆಯೇ ಹಾಳೆಗಿಳಿಸಿದ ಹೆಣ್ಣು ಎಂಬ ಆ ಪಾತ್ರವನ್ನು ಕಟ್ಟಿದವರು ಆಕೆಯ ನಂತರದ ಸಂಕಲನಕಾರರು, ಕಥೆಗಾರರು, ವಿಮರ್ಶಕರು. ಅದನ್ನು ಕಟ್ಟಲು ಅವರು ಆಕೆಯ ಬರವಣಿಗೆಯ ದೊಡ್ಡ ಭಾಗವನ್ನು ಬದಿಗೆ ಸರಿಸಬೇಕಾಯಿತು. ಉಳಿದ ಭಾಗವನ್ನು ದಿನಚರಿಯಂತೆ ಓದಬೇಕಾಯಿತು. ಅಮೆರಿಕದ ವಿದ್ವಾಂಸ ರೊನಾಲ್ಡ್ ಈಗನ್ 2013ರಲ್ಲಿ ಆಕೆಯ ಮೇಲೆ ಬರೆದ ಪುಸ್ತಕ ಈ ಕಟ್ಟೋಣದ ಚರಿತ್ರೆಯನ್ನು ಎಳೆ ಎಳೆಯಾಗಿ ಬಿಡಿಸಿದೆ. ಹಾಗಿದ್ದೂ ಹಳೆಯ ಓದು ಅಲುಗಾಡಿಲ್ಲ.

ಮೊದಲು ಹಾಡುಗಳನ್ನೇ ನೋಡೋಣ. ಲಿ ಚಿಂಗ್‌ಜಾವೊಳಿಗೆ ಹೆಸರು ತಂದದ್ದು 'ತ್ಸು' ಎಂಬ ಪ್ರಕಾರ. ಇದರಲ್ಲಿ ಧಾಟಿ ಮೊದಲೇ ಗೊತ್ತಿರುತ್ತದೆ. ಪ್ರತಿ ಸಾಲಿಗೆ ಎಷ್ಟು ಅಕ್ಷರ, ಎಲ್ಲಿ ಯಾವ ಸ್ವರದ ಏರಿಳಿತ, ಎಲ್ಲಿ ಪ್ರಾಸ ಎಂಬುದೆಲ್ಲ ನಿಗದಿಯಾಗಿರುತ್ತದೆ; ಕವಿ ಆ ಅಚ್ಚಿಗೆ ಮಾತು ತುಂಬಬೇಕು. ಔತಣಕೂಟಗಳಲ್ಲಿ ಗಾಯಕಿಯರು ಹಾಡುತ್ತಿದ್ದ ಈ ಪ್ರಕಾರದ ನೆಚ್ಚಿನ ಪಾತ್ರವೆಂದರೆ ನಲ್ಲನಿಲ್ಲದ ಕೋಣೆಯಲ್ಲಿ ಪರದೆ ಸರಿಸಿ ಕಾಯುವ ಹೆಣ್ಣು. ಆ ಹೆಣ್ಣಿನ ಬಾಯಲ್ಲಿ ಮಾತಾಡಿಸಿದವರಲ್ಲಿ ಹೆಚ್ಚಿನವರು ಗಂಡಸರು, ಅದರಲ್ಲೂ ದೊಡ್ಡ ದೊಡ್ಡ ಅಧಿಕಾರಿಗಳು. ಔಯಾಂಗ್ ಶ್ಯೂ ಬರೆದ, ಚಿನ್ ಗ್ವಾನ್ ಬರೆದ. ಅವರ ಹಾಡುಗಳನ್ನು ಅವರ ದಿನಚರಿಯೆಂದು ಓದುವ ರೂಢಿ ಬೆಳೆಯಲಿಲ್ಲ. ಎಷ್ಟು ಚೆನ್ನಾಗಿ ಪರಕಾಯ ಪ್ರವೇಶ ಮಾಡಿದ್ದಾರೆ ಎಂದು ಮೆಚ್ಚಿಕೊಂಡರು. ಅದೇ ಪಾತ್ರ, ಅದೇ ಕೋಣೆ, ಅದೇ ಪರದೆಯನ್ನು ಒಬ್ಬ ಹೆಣ್ಣು ಎತ್ತಿಕೊಂಡಾಗ ಮಾತ್ರ ಓದುವ ರೀತಿ ಬದಲಾಯಿತು. ಗಂಡು ಬರೆದರೆ ಕಲ್ಪನೆ, ಹೆಣ್ಣು ಬರೆದರೆ ಅನುಭವ! ಈ ಭೇದವನ್ನು ಒಪ್ಪಿಕೊಂಡ ಕ್ಷಣದಲ್ಲೇ ಆಕೆಯನ್ನು ಕವಿಗಳ ಸಾಲಿನಿಂದ ಎಬ್ಬಿಸಿ ಹೊರಗೆ ಕೂರಿಸಿದಂತಾಯಿತು.

ಒಂದು ಪುಟ್ಟ ಹಾಡನ್ನು ಹತ್ತಿರದಿಂದ ನೋಡಬಹುದು. ಮೂವತ್ತಮೂರೇ ಅಕ್ಷರಗಳ, ಚೀನದಲ್ಲಿ ಮಕ್ಕಳಿಗೂ ಬಾಯಿಪಾಠವಾಗಿರುವ ರಚನೆ. ರಾತ್ರಿ ಗಾಳಿಮಳೆ ಬಂದಿದೆ, ಕುಡಿದು ಮಲಗಿದ ಹೆಣ್ಣು ಬೆಳಿಗ್ಗೆ ಎದ್ದಿದ್ದಾಳೆ, ಪರದೆ ಸುತ್ತುತ್ತಿರುವ ಕೆಲಸದವಳನ್ನು ಹೂಗಿಡದ ಬಗ್ಗೆ ಕೇಳುತ್ತಾಳೆ. ಗಿಡ ಹೇಗಿತ್ತೋ ಹಾಗೇ ಇದೆ ಎನ್ನುತ್ತಾಳೆ ಅವಳು. ಇವಳು ಒಪ್ಪುವುದಿಲ್ಲ, ಎಲೆ ಸೊಂಪಾಗಿ ಹೂ ಸೊರಗಿರಬೇಕು ಎಂದು ತಿದ್ದುತ್ತಾಳೆ. ಇದನ್ನು ನವವಧುವಿನ ಒಂದು ಬೆಳಗು ಎಂದು ವಿವರಿಸುವುದು ರೂಢಿ. ಆದರೆ ಈ ಸನ್ನಿವೇಶ ಆಕೆಯ ಮಲಗುವ ಕೋಣೆಯಿಂದ ಬಂದದ್ದೆನ್ನಲು ಆಧಾರವೇನು? ಸುಮಾರು ಇನ್ನೂರು ವರ್ಷ ಹಿಂದೆಯೇ, ತಾಂಗ್ ವಂಶದ ಕೊನೆಗಾಲದ ಕವಿ ಹಾನ್ ವೊ ತನ್ನ ಪದ್ಯವೊಂದರ ಕೊನೆಯಲ್ಲಿ ರಾತ್ರಿಯ ಮಳೆ, ಬೆಳಗಿನ ಚಳಿ, ಹೂವಿನ ಚಿಂತೆ, ಪರದೆ ಎಲ್ಲವನ್ನೂ ತಂದಿದ್ದ. ಅವನ ನಾಯಕಿ ಮಗ್ಗುಲಾಗಿ ಮಲಗಿಯೇ ಪರದೆ ಸರಿಸಿ ತಾನೇ ನೋಡುತ್ತಾಳೆ. ಲಿ ಚಿಂಗ್‌ಜಾವೊ ಆ ನೋಟವನ್ನು ಕಿತ್ತುಹಾಕಿ ಅಲ್ಲಿ ಮಾತುಕತೆಯನ್ನು ಇಟ್ಟಳು. ಕಣ್ಣಾರೆ ನೋಡಬಲ್ಲವಳಿಗೆ ಏನೂ ಕಾಣಲಿಲ್ಲ, ನೋಡದವಳಿಗೆ ಎಲ್ಲವೂ ತಿಳಿದಿದೆ ಎಂಬ ಚಿಕ್ಕ ನಾಟಕ ಹುಟ್ಟಿದ್ದು ಆಗ. ಇದು ಹಿಂದಿನ ಕವಿಯ ಜೊತೆ ಹೂಡಿದ ಪಂದ್ಯ, ಗೆದ್ದ ಪಂದ್ಯ. ದಿನಚರಿಯ ಪುಟವೆಂದು ಓದಿದರೆ ಕಣ್ಣಿಗೆ ಬೀಳುವುದು ಅವಳು ಕುಡಿದಿದ್ದಳು ಎಂಬುದಷ್ಟೇ. ಈ ಗೆಲುವು ಕಾಣುವುದಿಲ್ಲ.

ಇನ್ನೊಂದು ಉದಾಹರಣೆ, ವಿಧವೆಯ ಅಳಲು ಎಂದು ಹೆಸರಾದ 'ಶೆಂಗ್ ಶೆಂಗ್ ಮಾನ್' ಧಾಟಿಯ ಹಾಡು. ಅದು ಶುರುವಾಗುವುದೇ ಏಳು ಜೋಡಿ ಪದಗಳ, ಒಟ್ಟು ಹದಿನಾಲ್ಕು ಅಕ್ಷರಗಳ ಸರಮಾಲೆಯಿಂದ. ಅಷ್ಟು ಉದ್ದಕ್ಕೆ ಹೀಗೆ ಜೋಡಿಸಲು ಅವಳಿಗಿಂತ ಮೊದಲು ಯಾರೂ ಧೈರ್ಯ ಮಾಡಿರಲಿಲ್ಲ. ಧಾಟಿಗೆ ರೂಢಿಯಲ್ಲಿದ್ದ ಎಳೆದು ಹಾಡುವ ಪ್ರಾಸವನ್ನು ಬಿಟ್ಟು, ನಾಲಿಗೆ ತಟ್ಟನೆ ತಡೆದು ನಿಲ್ಲುವ ಮೊಟಕು ಪ್ರಾಸವನ್ನು ಆರಿಸಿಕೊಂಡಳು. ತ್ಸು ಪ್ರಕಾರದ ದೊಡ್ಡ ವಿದ್ವಾಂಸ ಶ್ಯಾ ಚೆಂಗ್‌ತಾವೊ ಇದರ ತೊಂಬತ್ತೇಳು ಅಕ್ಷರಗಳಲ್ಲಿ ಅರ್ಧಕ್ಕೂ ಹೆಚ್ಚು ಹಲ್ಲು ಮತ್ತು ನಾಲಿಗೆಯ ತುದಿಯಲ್ಲಿ ಹುಟ್ಟುವ ಧ್ವನಿಗಳೆಂದು ಎಣಿಸಿ ತೋರಿಸಿದ. ಹಾಡುವಾಗ ಹಲ್ಲು ಕಚ್ಚಿದಂತೆ, ತುಟಿ ನಡುಗಿದಂತೆ ಕೇಳಿಸಲೆಂದೇ ಹಾಗೆ ಕಟ್ಟಿದ್ದಾಳೆ. ಆಕೆ ಬದುಕಿದ್ದ ಸೋಂಗ್ ವಂಶದ ಕಾಲದ ಓದುಗರಿಗೆ ಇದು ತಿಳಿದಿತ್ತು. ಹದಿಮೂರನೆಯ ಶತಮಾನದ ಜಾಂಗ್ ದ್ವಾನ್‌ಯಿ ಆ ಹದಿನಾಲ್ಕು ಅಕ್ಷರಗಳನ್ನು ತಾಂಗ್ ಕಾಲದ ಹೆಸರಾಂತ ನರ್ತಕಿಯ ಕತ್ತಿವರಸೆಗೆ ಹೋಲಿಸಿದ. ಅವನು ಕಂಡದ್ದು ಕೈಚಳಕ. ನಂತರದವರು ಕಂಡದ್ದು ಕಣ್ಣೀರು ಮಾತ್ರ.

ಸಂಕಲನಗಳ ಚರಿತ್ರೆ ಇನ್ನೂ ಸ್ಪಷ್ಟವಾದ ಸಾಕ್ಷಿ ಹೇಳುತ್ತದೆ. ಆಕೆಯ ಹಾಡುಗಳ ಮೂಲ ಸಂಗ್ರಹ ಕಳೆದುಹೋಗಿದೆ. ಆಕೆ ಬದುಕಿದ್ದಾಗಲೇ, 1146ರಲ್ಲಿ, ಜೆಂಗ್ ಜಾವೊ ಸಂಪಾದಿಸಿದ ಸಂಕಲನದಲ್ಲಿ ಇಪ್ಪತ್ತಮೂರು ಹಾಡುಗಳಿವೆ. ಮುಂದಿನ ಶತಮಾನಗಳಲ್ಲಿ ಆಕೆಯ ಹೆಸರಿನ ಹಾಡುಗಳು ಬೆಳೆಯುತ್ತ ಹೋದವು. ಮಿಂಗ್ ಮತ್ತು ಚಿಂಗ್ ವಂಶಗಳ ಕಾಲಕ್ಕೆ ಎಪ್ಪತ್ತರ ಆಸುಪಾಸಿಗೆ ಬಂದವು. ಉಯ್ಯಾಲೆ ಆಡಿ ಬೆವೆತ ಹುಡುಗಿ ಹೊರಗಿನವರನ್ನು ಕಂಡು ನಾಚಿ ಓಡುವ ಜನಪ್ರಿಯ ಹಾಡು ಆಕೆಯ ಹೆಸರಿಗೆ ಅಂಟಿಕೊಂಡದ್ದು ಮಿಂಗ್ ಕಾಲದಲ್ಲಿ, ಆಕೆ ಸತ್ತು ಸುಮಾರು ನಾನೂರು ವರ್ಷಗಳ ಮೇಲೆ. ಮೊದಲ ಸಂಕಲನದಲ್ಲಿ ಧಾಟಿಯ ಹೆಸರನ್ನಷ್ಟೇ ಹೊತ್ತಿದ್ದ ಹಾಡುಗಳಿಗೆ ಅಗಲಿಕೆಯ ತಲೆಬರಹಗಳು ಬಂದದ್ದೂ ನಂತರವೇ. ಮೊದಲು ಒಂದು ಚಿತ್ರ ರೂಪುಗೊಂಡಿತು, ಆಮೇಲೆ ಅದಕ್ಕೆ ಹೊಂದುವ ಹಾಡುಗಳು ಆಕೆಯ ಖಾತೆಗೆ ಸೇರಿದವು, ಕೊನೆಗೆ ಆ ಹಾಡುಗಳನ್ನೇ ಚಿತ್ರಕ್ಕೆ ಆಧಾರವೆಂದು ತೋರಿಸಲಾಯಿತು.

ದಾಂಪತ್ಯದ ಮುದ್ದಾದ ಪ್ರಸಂಗಗಳ ಹಣೆಬರಹವೂ ಇದೇ. ಹೆಂಡತಿ ಕಳಿಸಿದ ಹಾಡನ್ನು ಮೀರಿಸಬೇಕೆಂದು ಗಂಡ ಮೂರು ಹಗಲು ಮೂರು ರಾತ್ರಿ ಬಾಗಿಲು ಹಾಕಿಕೊಂಡು ಐವತ್ತು ಹಾಡು ಬರೆದ. ಅವುಗಳ ನಡುವೆ ಅವಳದನ್ನೂ ಸೇರಿಸಿ ಗೆಳೆಯನಿಗೆ ತೋರಿಸಿದ. ಗೆಳೆಯ ಹೆಕ್ಕಿ ಮೆಚ್ಚಿದ ಮೂರೂ ಸಾಲುಗಳು ಅವಳವೇ ಆಗಿದ್ದವು. ಓದುಗರು ಇಷ್ಟಪಡುವ ಈ ಕಥೆ ಬರುವುದು 'ಲಾಂಗ್‌ಹ್ವಾನ್ ಜಿ' ಎಂಬ, ಆಕೆಯ ಕಾಲಕ್ಕೆ ಬಹಳ ಈಚಿನ, ಕಟ್ಟುಕಥೆಗಳಿಗೆ ಹೆಸರಾದ ಪುಸ್ತಕದಲ್ಲಿ. ಗಂಡ ಬಾಲ್ಯದಲ್ಲೇ ಕನಸಿನಲ್ಲಿ ಇವಳನ್ನು ಮದುವೆಯಾಗುವ ಒಗಟು ಕಂಡ ಎಂಬುದೂ ಅಲ್ಲಿಂದಲೇ. ರೇಷ್ಮೆ ಚೂರಿನ ಮೇಲೆ ವಿರಹದ ಹಾಡು ಬರೆದು ಹೊರಟ ಗಂಡನ ಕೈಗಿತ್ತಳು ಎಂಬುದೂ ಅಲ್ಲಿಂದಲೇ. ಆಕೆಯ ಸಮಕಾಲೀನರು ಇವುಗಳ ಸುದ್ದಿ ಎತ್ತುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು: ದಾಂಪತ್ಯದ ಬಗ್ಗೆ ಆಕೆಯೇ ಬರೆದಿದ್ದಾಳಲ್ಲ? ಹೌದು, ಬರೆದಿದ್ದಾಳೆ. ಗಂಡ ಎರಡು ಸಾವಿರ ಶಾಸನಗಳ ಮೇಲೆ ಸಿದ್ಧಪಡಿಸಿದ ಮೂವತ್ತು ಭಾಗಗಳ ಗ್ರಂಥಕ್ಕೆ ಆಕೆ ಬರೆದ ಹಿನ್ನುಡಿ ಚೀನೀ ಗದ್ಯದ ಅತ್ಯುತ್ತಮ ಬರಹಗಳಲ್ಲೊಂದು. ಅದರಲ್ಲಿ ಎಲ್ಲರೂ ಎತ್ತಿ ಹೇಳುವ ಭಾಗಗಳು ಗೊತ್ತಿರುವವೇ. ಬಟ್ಟೆ ಅಡವಿಟ್ಟು ಐನೂರು ಕಾಸು ತಂದು ದೇವಸ್ಥಾನದ ಸಂತೆಯಲ್ಲಿ ಶಾಸನದ ಪ್ರತಿ ಮತ್ತು ಹಣ್ಣು ಕೊಂಡು ಬರುತ್ತಿದ್ದರು. ಊಟದ ಮೇಲೆ ಯಾವ ಮಾತು ಯಾವ ಪುಸ್ತಕದ ಯಾವ ಪುಟದಲ್ಲಿದೆ ಎಂದು ಪಂದ್ಯ ಕಟ್ಟಿ, ಗೆದ್ದವರು ಮೊದಲು ಚಹಾ ಕುಡಿಯುತ್ತಿದ್ದರು. ನಗುವಿನಲ್ಲಿ ಚಹಾ ಮಡಿಲಿಗೇ ಚೆಲ್ಲುತ್ತಿತ್ತು. ಅದರ ಮುಂದಿನ ಭಾಗವನ್ನು ಓದಿದವರು ಮಾತ್ರ ಕಡಿಮೆ. ಸಂಗ್ರಹ ದೊಡ್ಡದಾದಂತೆ ಕಪಾಟುಗಳಿಗೆ ಬೀಗ ಬಿತ್ತು. ಓದಬೇಕೆಂದರೆ ಆಕೆ ಕೀಲಿ ಕೇಳಿ, ಪಟ್ಟಿಯಲ್ಲಿ ಬರೆಸಬೇಕಿತ್ತು. ಪುಟಕ್ಕೆ ಕೊಳೆ ತಾಗಿದರೆ ಛೀಮಾರಿ ಕೇಳಬೇಕಿತ್ತು. ಸಂತೋಷಕ್ಕೆಂದು ಶುರುವಾದದ್ದು ಸಂಕಟವಾಯಿತೆಂದು ಆಕೆಯೇ ಬರೆಯುತ್ತಾಳೆ. ಸಹಿಸಲಾರದೆ ಒಡವೆ, ಬಣ್ಣದ ಬಟ್ಟೆ, ಎರಡನೆಯ ಮಾಂಸದಡುಗೆ ಎಲ್ಲ ಬಿಟ್ಟು, ಮನಸ್ಸಿಗೆ ಬಂದಂತೆ ಓದಬಹುದಾದ ಬೇರೆ ಪ್ರತಿಗಳನ್ನು ಕೊಳ್ಳತೊಡಗಿದಳು.

1129ರ ಬೇಸಿಗೆಯ ಬೀಳ್ಕೊಡುಗೆಯ ದೃಶ್ಯವನ್ನೂ ಅವಸರವಿಲ್ಲದೆ ಓದಬೇಕು. ಗಂಡ ಹೊಸ ಹುದ್ದೆಗೆ ಹೊರಟು ದಡದ ಮೇಲಿದ್ದಾನೆ, ಆಕೆ ದೋಣಿಯಲ್ಲಿದ್ದಾಳೆ. ಊರಿಗೆ ಅಪಾಯ ಬಂದರೆ ಏನು ಮಾಡಲಿ ಎಂದು ಕೂಗಿ ಕೇಳುತ್ತಾಳೆ. ಅವನು ದೂರದಿಂದಲೇ ಕೈಯೆತ್ತಿ ಉತ್ತರಿಸುತ್ತಾನೆ: ಜನ ಹೋದ ಕಡೆ ಹೋಗು, ಮೊದಲು ಸಾಮಾನು ಬಿಡು, ಆಮೇಲೆ ಬಟ್ಟೆ, ಆಮೇಲೆ ಪುಸ್ತಕ ಮತ್ತು ಚಿತ್ರ, ಆಮೇಲೆ ಹಳೆಯ ಪಾತ್ರೆಗಳು, ಕುಲದ ಪೂಜಾಪಾತ್ರೆಗಳನ್ನು ಮಾತ್ರ ಕೈಬಿಡದೆ, ಬದುಕಿದರೂ ಸತ್ತರೂ ಅವುಗಳ ಜೊತೆಗೇ ಇರು. ಹೆಂಡತಿ ತನ್ನ ಗತಿ ಕೇಳಿದಳು, ಗಂಡ ವಸ್ತುಗಳ ಪಟ್ಟಿ ಕೊಟ್ಟ. ಅದೇ ವರ್ಷ ಕೆಲವು ತಿಂಗಳ ಹಿಂದೆ ಅವನು ಆಳುತ್ತಿದ್ದ ನಗರದಲ್ಲಿ ಸೈನಿಕರು ದಂಗೆಯೆದ್ದಾಗ, ಇದೇ ಗಂಡ ರಾತ್ರಿ ಹಗ್ಗ ಹಿಡಿದು ಕೋಟೆಗೋಡೆ ಇಳಿದು ಪರಾರಿಯಾಗಿದ್ದನೆಂದು ಸೋಂಗ್ ಚರಿತ್ರೆಕಾರರು ಬರೆದಿದ್ದಾರೆ. ಹಿನ್ನುಡಿಯಲ್ಲಿ ಪ್ರೀತಿ ಇದೆ, ಅದನ್ನು ಅಲ್ಲಗಳೆಯಬೇಕಿಲ್ಲ. ಆ ಪ್ರೀತಿಯ ಒಳಗೇ ದೂರು ಇದೆ, ಲೆಕ್ಕಾಚಾರ ಇದೆ, ವಸ್ತುಮೋಹದ ಬಗ್ಗೆ ಕಠಿಣ ತೀರ್ಮಾನ ಇದೆ. ವಿದ್ವಾಂಸ ಸ್ಟೀಫನ್ ಓವೆನ್ 1986ರಲ್ಲೇ ಇದನ್ನು ಗುರುತಿಸಿ ಬರೆದರು. ಆದರ್ಶ ದಾಂಪತ್ಯದ ಪ್ರಮಾಣಪತ್ರವೆಂದು ಆ ಬರಹವನ್ನು ಚಲಾಯಿಸುವವರು ಅರ್ಧ ಓದಿ ನಿಲ್ಲಿಸಿದವರು.

ಕಥೆಗೆ ಒಗ್ಗದ ದೊಡ್ಡ ಘಟನೆ ನಡೆದದ್ದು 1132ರಲ್ಲಿ. ಹಾಂಗ್‌ಜೋ ನಗರದಲ್ಲಿ, ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ ಹೊತ್ತಿನಲ್ಲಿ ಆಕೆ ಜಾಂಗ್ ರೂಜೋ ಎಂಬ ಸಣ್ಣ ಅಧಿಕಾರಿಯನ್ನು ಮರುಮದುವೆಯಾದಳು. ಅವನ ಕಣ್ಣು ಆಕೆಯ ಬಳಿ ಉಳಿದಿದ್ದ ಸಂಗ್ರಹದ ಮೇಲಿತ್ತು, ದಿನವೂ ಹೊಡೆಯುತ್ತಿದ್ದ. ಮದುವೆ ನೂರು ದಿನಗಳ ಸುಮಾರಿಗೆ ಮುರಿಯಿತು. ಮುರಿದದ್ದು ಆಕೆಯೇ. ಸರ್ಕಾರಿ ಪರೀಕ್ಷೆಗೆ ಎಷ್ಟು ಸಲ ಕೂತಿದ್ದೆನೆಂಬ ಲೆಕ್ಕದಲ್ಲಿ ಸುಳ್ಳು ಹೇಳಿ ಅವನು ಹುದ್ದೆ ಗಿಟ್ಟಿಸಿದ್ದನೆಂದು ಸರ್ಕಾರಕ್ಕೆ ದೂರು ಕೊಟ್ಟಳು. ಗಂಡನ ಮೇಲೆ ದೂರಿದ ಹೆಂಡತಿಗೆ, ದೂರು ನಿಜವಾದರೂ, ಎರಡು ವರ್ಷ ಶಿಕ್ಷೆ ಎಂದು ಅಂದಿನ ಕಾನೂನು ಹೇಳುತ್ತಿತ್ತು. ಅದು ಗೊತ್ತಿದ್ದೇ ಹೋದಳು. ದೂರು ಸಾಬೀತಾಯಿತು, ಗಂಡ ಹುದ್ದೆ ಕಳೆದುಕೊಂಡು ಗಡಿಪಾರಾದ, ಆಕೆ ಒಂಬತ್ತು ದಿನ ಸೆರೆಯಲ್ಲಿದ್ದು, ಮೊದಲ ಗಂಡನ ಬಂಧು ಚಿ ಚೊಂಗ್‌ಲಿಯ ನೆರವಿನಿಂದ ಹೊರಬಂದಳು. ಅವನಿಗೆ ಆಕೆ ಬರೆದ ಕೃತಜ್ಞತೆಯ ಪತ್ರ ಉಳಿದಿದೆ. ಹಲವು ಸೋಂಗ್ ಲೇಖಕರು ಈ ಮದುವೆಯನ್ನು ದಾಖಲಿಸಿದ್ದಾರೆ, ಕೆಲವರು ಆಕೆ ಬದುಕಿದ್ದಾಗಲೇ.

ಆದರೂ ಮಿಂಗ್ ಕಾಲದಿಂದ ಈ ಮದುವೆಯನ್ನು ಅಲ್ಲಗಳೆಯುವ ಕೆಲಸ ಶುರುವಾಯಿತು. ವಿಧವೆಯರ ಪಾತಿವ್ರತ್ಯಕ್ಕೆ ಸರ್ಕಾರವೇ ಕಮಾನು ಕಟ್ಟಿಸಿ ಗೌರವಿಸುತ್ತಿದ್ದ ಕಾಲಕ್ಕೆ, ಮೆಚ್ಚಿನ ಕವಯಿತ್ರಿ ಮರುಮದುವೆಯಾದಳೆಂಬುದು ನುಂಗಲಾರದ ತುತ್ತಾಯಿತು. ಪತ್ರ ಯಾರೋ ತಿದ್ದಿದ್ದು, ದಾಖಲೆಗಳೆಲ್ಲ ಹಗೆಗಳ ಚಾಡಿ ಎಂದರು. ಈ ವಾದಕ್ಕೆ ಗಟ್ಟಿ ರೂಪ ಕೊಟ್ಟವನು ಯು ಜೆಂಗ್‌ಶ್ಯೆ (1775–1840). ವಿಧವೆಯರ ಮರುಮದುವೆಯನ್ನು ಖಂಡಿಸಬಾರದೆಂದು ವಾದಿಸಿದ ಉದಾರಿಯೂ ಅವನೇ. ಅಂಥವನಿಗೂ ಲಿ ಚಿಂಗ್‌ಜಾವೊಳ ವಿಷಯದಲ್ಲಿ ಅದನ್ನು ಒಪ್ಪಲು ಮನಸ್ಸಾಗಲಿಲ್ಲ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಹ್ವಾಂಗ್ ಶೆಂಗ್‌ಜಾಂಗ್ ಮತ್ತಿತರ ವಿದ್ವಾಂಸರು ಸೋಂಗ್ ದಾಖಲೆಗಳನ್ನು ಮತ್ತೆ ಒರೆಗೆ ಹಚ್ಚಿ ಮದುವೆ ನಡೆದದ್ದೇ ಎಂದು ತೋರಿಸಿದ ಮೇಲೂ ವಿವಾದ ತಣ್ಣಗಾಗಲು ಸಮಯ ಹಿಡಿಯಿತು. ಹಿನ್ನುಡಿಯ ರಚನೆಯ ವರ್ಷವನ್ನು ಸೋಂಗ್ ಲೇಖಕ ಹೊಂಗ್ ಮಾಯ್ ಹೇಳುವಂತೆ 1134 ಎಂದು ತೆಗೆದುಕೊಂಡರೆ, ಮೊದಲ ದಾಂಪತ್ಯದ ಆ ಚಿತ್ರವನ್ನು ಆಕೆ ಬರೆದದ್ದು ಈ ಹಗರಣದಿಂದ ಹೊರಬಂದ ಮೇಲೆ. ಊರೆಲ್ಲ ನಗುತ್ತಿದ್ದಾಗ ತಾನು ಯಾರೆಂಬುದನ್ನು ಮತ್ತೆ ಸ್ಥಾಪಿಸಿಕೊಳ್ಳಬೇಕಿದ್ದ ಹೆಣ್ಣಿನ ಎಚ್ಚರದ ಬರಹ ಅದು.

ಅದೇ ವರ್ಷಗಳಲ್ಲಿ ಆಕೆ ಇನ್ನೇನು ಬರೆದಳು? 1133ರಲ್ಲಿ ಹಾನ್ ಶ್ಯಾವ್‌ಜೋ ಮತ್ತು ಹು ಸೊಂಗ್‌ನ್ಯಾನ್ ಶತ್ರುರಾಜ್ಯಕ್ಕೆ ರಾಯಭಾರಿಗಳಾಗಿ ಹೊರಟಾಗ ಅವರನ್ನು ಉದ್ದೇಶಿಸಿ ದೀರ್ಘ ಪದ್ಯ ಬರೆದಳು. ಶತ್ರುವಿನ ಮಾತನ್ನು ನಂಬಿ ಮೈಮರೆಯಬೇಡಿ ಎಂದು ಚರಿತ್ರೆಯ ನಿದರ್ಶನಗಳನ್ನು ಒಂದರ ಮೇಲೊಂದು ಪೇರಿಸಿ ಎಚ್ಚರಿಸಿದಳು. 1134ರಲ್ಲಿ 'ಕುದುರೆ ಹೊಡೆಯುವ' ಪಗಡೆಯಂಥ ಆಟವೊಂದಕ್ಕೆ ಕೈಪಿಡಿ ಬರೆದಳು. ಅದರ ಮುನ್ನುಡಿಯಲ್ಲಿ, ತನಗೆ ಪಣದಾಟಗಳೆಂದರೆ ಊಟ ನಿದ್ದೆ ಬೇಡವೆಂದೂ, ತಾನು ಯಾವಾಗಲೂ ಗೆಲ್ಲುತ್ತ ಬಂದವಳೆಂದೂ, ಅದಕ್ಕೆ ಕಾರಣ ಪಳಗಿದ ಕೈಯೆಂದೂ ನಿಸ್ಸಂಕೋಚವಾಗಿ ಹೇಳಿಕೊಂಡಳು. ಆ ಆಟದ ಮೇಲಿನ ಗದ್ಯಕಾವ್ಯ ಕೊನೆಗೆ ಹ್ವಾಯ್ ನದಿ ದಾಟಿ ಉತ್ತರಕ್ಕೆ ಮರಳುವ ಹಂಬಲವಾಗುತ್ತದೆ. ರಾಜಕೀಯ ಪದ್ಯ ಆಕೆಗೆ ಮುಪ್ಪಿನಲ್ಲಿ ಹತ್ತಿದ ಹವ್ಯಾಸವೂ ಅಲ್ಲ. ಎಳೆಯ ವಯಸ್ಸಿನಲ್ಲೇ ಹಿರಿಯ ಕವಿ ಜಾಂಗ್ ಲೈಯ ಪದ್ಯಕ್ಕೆ ಉತ್ತರವಾಗಿ ತಾಂಗ್ ಕಾಲದ ಆನ್ ಲುಶಾನ್ ದಂಗೆಯ ಮೇಲೆ ಎರಡು ಪದ್ಯ ಬರೆದು, ಅರಸನ ವಿಲಾಸವನ್ನು ಕಟುವಾಗಿ ಟೀಕಿಸಿದ್ದಳು. ಕಟ್ಟುನಿಟ್ಟಿನ ತತ್ತ್ವಜ್ಞಾನಿ ಜು ಶಿ ಆಕೆಯ ಚರಿತ್ರೆಯ ಪದ್ಯವೊಂದನ್ನು ಮೆಚ್ಚಿ, ಇದು ಹೆಣ್ಣಿನಿಂದ ಆಗುವ ಕೆಲಸವೇ ಎಂದು ಬೆರಗಾದ. ವಿರಹದ ಹಾಡುಗಳಿಗಾದರೆ ಯಾರೂ ಹೀಗೆ ಬೆರಗಾಗಲಿಲ್ಲ. ಹೆಣ್ಣಿನಿಂದ ಅವರು ಬಯಸಿದ್ದು ಅದನ್ನೇ.

ಆಕೆಯ ವಿಮರ್ಶೆಗೆ ಸಿಕ್ಕ ಸ್ವಾಗತ ಇನ್ನೂ ಕಣ್ತೆರೆಸುವಂಥದ್ದು. ತ್ಸು ಪ್ರಕಾರದ ಮೇಲೆ ಆಕೆಯ ಪುಟ್ಟ ಪ್ರಬಂಧ ಆ ಕಾಲದ ದಿಗ್ಗಜರನ್ನೆಲ್ಲ ಸಾಲಾಗಿ ನಿಲ್ಲಿಸಿ ಪರೀಕ್ಷಿಸುತ್ತದೆ. ಲ್ಯೂ ಯೊಂಗ್‌ಗೆ ಸಂಗೀತ ಗೊತ್ತು, ಭಾಷೆ ಮಾತ್ರ ಅಗ್ಗದ್ದು. ಸು ಶಿ ಪಾಂಡಿತ್ಯದ ಕಡಲು, ಆದರೆ ಅವನ ಹಾಡುಗಳು ಸಾಲು ಮುರಿದ ಪದ್ಯಗಳು, ಹಲವೆಡೆ ಧಾಟಿಗೆ ಕೂರುವುದಿಲ್ಲ. ವಾಂಗ್ ಆನ್‌ಶಿಯ ಗದ್ಯ ಘನವಾದದ್ದು, ಹಾಡು ಬರೆದರೆ ಜನ ಬಿದ್ದು ನಕ್ಕಾರು. ಹಾಡು ಬೇರೆಯೇ ಕಲೆ, ಅದಕ್ಕೆ ಅದರದೇ ಕಿವಿ ಬೇಕು ಎಂಬುದು ಆಕೆಯ ನಿಲುವು. ಸು ಶಿ ಎಂದರೆ ಆಕೆಯ ತಂದೆ ಲಿ ಗೆಫೇಯ್ ಗುರುವೆಂದು ಗೌರವಿಸಿದವನು. ಆದರೂ ವಿನಾಯಿತಿ ಇಲ್ಲ. ಈ ಪ್ರಬಂಧವನ್ನು ಉಳಿಸಿಕೊಟ್ಟ ಸಮಕಾಲೀನ ವಿಮರ್ಶಕ ಹು ಜಿ ಅದರ ಕೆಳಗೇ ತನ್ನ ಸಿಟ್ಟನ್ನೂ ದಾಖಲಿಸಿದ. ದೊಡ್ಡವರ ಮೇಲೆ ಕೈಮಾಡುವ ಅಲ್ಪರ ಕುರಿತ ಹಳೆಯ ಪದ್ಯವೊಂದನ್ನು ನೆನಪಿಸಿ ಹಂಗಿಸಿದ. ಇನ್ನೊಬ್ಬ ಸಮಕಾಲೀನ ವಾಂಗ್ ಜ್ವೊ ತನ್ನ ಯುಗದ ಹೆಂಗಸರಲ್ಲಿ ಈಕೆಯ ಬರಹವೇ ಮೊದಲೆಂದು ಒಪ್ಪಿ, ಮರುಗಳಿಗೆಯಲ್ಲೇ ಮಾನಸ್ಥರ ಮನೆಯ ಹೆಣ್ಣು ಇಷ್ಟು ಲಂಗುಲಗಾಮಿಲ್ಲದೆ ಬರೆದದ್ದುಂಟೇ ಎಂದು ಜರೆದ. ಮೊದಲ ಓದುಗರಿಗೆ ಆಕೆ ಕಂಡದ್ದು ದಿಟ್ಟೆಯಾಗಿ, ಬಾಯಿಗೆ ಕಡಿವಾಣವಿಲ್ಲದವಳಾಗಿ. ಕೋಮಲ ವಿರಹಿಣಿ ಆಕೆಯ ಕಾಲದವಳಲ್ಲ, ನಂತರದವರ ಸೃಷ್ಟಿ.

ಇಷ್ಟು ಹೇಳಿದ ಮೇಲೆ ಒಂದು ಮಾತನ್ನು ಒಪ್ಪಬೇಕು. ಆಕೆಯ ಬದುಕನ್ನು ಕಾವ್ಯದಿಂದ ಪೂರ್ತಿ ಬೇರ್ಪಡಿಸಲಾಗದು. ಮನೆ ಕಳೆದುಕೊಂಡು, ಓಡುತ್ತಿದ್ದ ರಾಜನ ಹಿಂದೆ ಊರೂರು ಅಲೆದು, ಹತ್ತಾರು ಕೋಣೆ ತುಂಬಿದ್ದ ಸಂಗ್ರಹ ಬೆಂಕಿ, ಸೈನ್ಯ, ಕಳ್ಳರ ಪಾಲಾದುದನ್ನು ಕಂಡವಳ ನೋವು ಕೊನೆಗಾಲದ ಹಾಡುಗಳಿಗೆ ಇಳಿದಿದ್ದರೆ ಅದು ಸಹಜ. ಆದರೆ ಯುದ್ಧದಲ್ಲಿ ಮನೆಮಾರು ಕಳೆದುಕೊಂಡವರು ಲಕ್ಷಾಂತರ ಜನ, ಗಂಡ ಸತ್ತವರು ಅಷ್ಟೇ ಜನ. ಅವರಲ್ಲಿ ಒಬ್ಬಳ ಹಾಡನ್ನು ಒಂಬತ್ತು ಶತಮಾನಗಳ ನಂತರ ಓದುತ್ತಿದ್ದೇವೆಂದರೆ ಅದಕ್ಕೆ ಕಾರಣ ನೋವು ದೊಡ್ಡದಿತ್ತೆಂಬುದಲ್ಲ, ಕೈ ಪಳಗಿತ್ತೆಂಬುದು. ಹಾಡು ನಿಜವೆನ್ನಿಸುವುದು ಆ ಕೈಯ ಕೆಲಸ.

ಮುಪ್ಪಿನಲ್ಲಿ ಆಕೆ, ಹತ್ತು ದಾಟಿದ ಸುನ್ ಮನೆತನದ ಹುಡುಗಿಗೆ ತನ್ನ ವಿದ್ಯೆ ಕಲಿಸಲು ಮುಂದಾದಳಂತೆ. ಬರವಣಿಗೆ ಹೆಣ್ಣಿನ ಕೆಲಸವಲ್ಲ ಎಂದು ಹುಡುಗಿ ನಿರಾಕರಿಸಿದಳು. ಇದನ್ನು ದಾಖಲಿಸಿದವನು ಮಹಾಕವಿ ಲು ಯೂ, ಆ ಹುಡುಗಿ ಬೆಳೆದು ಬಾಳಿ ತೀರಿಕೊಂಡ ಮೇಲೆ ಬರೆದ ಸಮಾಧಿಲೇಖದಲ್ಲಿ, ಆಕೆಯ ಸದ್ಗುಣಕ್ಕೆ ನಿದರ್ಶನವಾಗಿ. ಲಿ ಚಿಂಗ್‌ಜಾವೊ ಬರೆದದ್ದು ಇಂಥ ಸಮಾಜದ ನಡುವೆ.

ಕನ್ನಡಕ್ಕೆ ಆಕೆಯನ್ನು ತರಲಿರುವವರಲ್ಲಿ ನನ್ನ ಕೋರಿಕೆ ಇಷ್ಟೇ. ಹತ್ತು ವಿರಹಗೀತೆಗಳನ್ನು ಆರಿಸಿ, ಗಂಡನ ಬರುವಿಕೆ ಹೋಗುವಿಕೆಯ ಪ್ರಕಾರ ಜೋಡಿಸಿ, ದುಃಖಿನಿಯ ಚಿತ್ರದೊಂದಿಗೆ ಪುಸ್ತಕ ಮಾಡಬೇಡಿ. ಹಾಡುಗಳ ಪಕ್ಕದಲ್ಲಿ ರಾಯಭಾರಿಗಳಿಗೆ ಬರೆದ ಪದ್ಯವಿರಲಿ, ದಿಗ್ಗಜರನ್ನು ತೂಗಿದ ಪ್ರಬಂಧವಿರಲಿ, ಪಣದಾಟದ ಮುನ್ನುಡಿಯಿರಲಿ, ಬೀಗ ಹಾಕಿದ ಕಪಾಟಿನ ಪ್ರಸಂಗವನ್ನು ಕತ್ತರಿಸದ ಹಿನ್ನುಡಿಯಿರಲಿ. ಯಾವ ಹಾಡು ಹಳೆಯ ಆಕರದಲ್ಲಿದೆ, ಯಾವುದು ನಂತರ ಸೇರಿದ್ದು ಎಂಬುದನ್ನು ಓದುಗರಿಗೆ ತಿಳಿಸಿ. ಲಿ ಚಿಂಗ್‌ಜಾವೊ ಜಾವೊ ಮಿಂಗ್‌ಚೆಂಗ್‌ನ ಹೆಂಡತಿಯಾಗಿದ್ದಳು, ಆಮೇಲೆ ಅವನ ವಿಧವೆಯಾದಳು. ಕಾವ್ಯದಲ್ಲಿ ಮಾತ್ರ ಆಕೆಗೆ ಯಾರ ಆಸರೆಯೂ ಬೇಕಿರಲಿಲ್ಲ.